ಸಾವಂತ್ರವ್ವನ ಮನೆಗೆ ದೀಪ

ಹೊಳೆಯ ದಂಡೆಯ ಮೇಲೊಂದು ಚಿಕ್ಕ ಮಠ. ಅಲ್ಲಿ ಅಡವಯ್ಯಜ್ಜ ಎಂಬ ಗುರುಗಳಿದ್ದರು. ಮಾತು ಕಡಿಮೆ. ಕೇಳಿದ್ದಕ್ಕೆ ನೇರ ಉತ್ತರ ಕೊಡುವುದಂತೂ ಇನ್ನೂ ಕಡಿಮೆ.

ಅವರ ಶಿಷ್ಯ ಕಲ್ಮೇಶ. ಮಠಕ್ಕೆ ಬರುವ ಮೊದಲು ಹನ್ನೆರಡು ವರ್ಷ ವೈರ್‌ಮನ್ ಆಗಿದ್ದವನು. ಸುತ್ತಲಿನ ಹಳ್ಳಿಗಳಲ್ಲಿ ಅವನು ಏಣಿ ಹಾಕದ ಗೋಡೆಯಿರಲಿಲ್ಲ. ಒಂದು ದಿನ ಯಾಕೋ ಆ ಕೆಲಸ ಸಾಕೆನಿಸಿತು. ಇಕ್ಕಳ, ಟೆಸ್ಟರ್ ಇದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಮಠಕ್ಕೆ ಬಂದ. ಅಂಗಳ ಗುಡಿಸಿದ, ಹೊಳೆಯಿಂದ ನೀರು ಹೊತ್ತ, ದನದ ಕೊಟ್ಟಿಗೆ ಬಾಚಿದ.

ಎರಡು ವರ್ಷ ತುಂಬಿದ ಮೇಲೆ ಒಂದು ಮುಂಜಾನೆ ಅಜ್ಜನವರ ಕಾಲಿಗೆ ಬಿದ್ದು ಕೇಳಿದ.

"ಅಜ್ಜಾರ, ನನಗ ಉಪದೇಶ ಕೊಡ್ರಿ."

"ಕೊಡೂಣು."

"ಯಾವಾಗ್ರಿ?"

ಅಜ್ಜ ಬಾಗಿಲ ಕಡೆ ನೋಡಿದರು. ಒಬ್ಬ ಮನುಷ್ಯ ಒಳಗೆ ಬರುತ್ತಿದ್ದ. ತಲೆ, ಹುಬ್ಬು, ಅಂಗಿಯ ತೋಳು ಎಲ್ಲ ಹಿಟ್ಟು ಹಿಟ್ಟು.

"ಮೊದಲ ಅಂವಾ ಏನ್ ಕೇಳ್ತಾನ ನೋಡು" ಎಂದರು.

ಬಂದವನು ಫಕೀರಪ್ಪ. ಹೊಳೆಯಾಚೆಯ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನು. ನಮಸ್ಕರಿಸಿ ಕೂತ. ಆಮೇಲೆ ಹೇಳತೊಡಗಿದ.

"ನಮ್ಮ ಮನಿಯಾಕಿಗೆ ಹೋದ ವರ್ಷ ಸ್ಟೋವ್ ಭಗ್ ಅಂದು ಮುಖ ಸುಟ್ಟಿತ್ರಿ ಅಜ್ಜಾರ. ಎಡಗಲ್ಲದಿಂದ ಕೊಳ್ಳಿನ ತನಕ. ಗಾಯ ಮಾದೈತಿ. ಆದ್ರ ಅಕಿ ಯಾರ ಮುಂದೂ ಬರವಲ್ಲಳು. ಹದಿನಾಕು ತಿಂಗಳಾತು. ಏಳು ವರ್ಷದ ಮಗಳು ಐತಿ, ಅದರ ಕೂಡನೂ ಸೆರಗು ಎಳಕೊಂಡು ಬಾಗಲ ಮರಿಗೆ ನಿಂತ ಮಾತಾಡ್ತಾಳ."

"ಈಗೇನಾಗಬೇಕು?"

"ಹೊಸಾ ಮನಿ ಕಟ್ಟಿಸೇನಿ. ವೈರ್ ಎಳದಾರ, ದೀಪ ಹಾಕಿಲ್ಲ. ಮನಿ ತುಂಬ ಬೆಳಕಾದ್ರ ಅಕಿ ಮನಸ್ಸೂ ಸುಧಾರಿಸಬಹುದೇನೋ ಅಂತ ಆಸೆ. ನಿಮ್ಮ ಶಿಷ್ಯಾರಿಗೆ ಈ ಕೆಲಸ ಬರ್ತೈತಿ ಅಂತ ಕೇಳಿದ್ನಿ."

ಕಲ್ಮೇಶ ತಟ್ಟನೆ ಮುಂದೆ ಬಂದ.

"ನಾ ಹಾಕಿಕೊಡ್ತೀನಿ ಅಣ್ಣಾರ. ಒಂದು ಮೂಲಿ ಸೈತ ಕತ್ತಲಿ ಉಳೀದಂಗ ಹಾಕ್ತೀನಿ."

"ಮೂಲಿಗೆ ಹಾಕ್ತಿ, ಖರೇ. ಮಂದಿಗೆ?" ಎಂದರು ಅಜ್ಜ.

ಕಲ್ಮೇಶನಿಗೆ ಅರ್ಥವಾಗಲಿಲ್ಲ.

"ಹೋಗು. ಆ ಮನಿಗೆ ಬೆಳಕು ಹಾಕಿ ಬಾ. ಉಪದೇಶ ಆಮ್ಯಾಲೆ."

*

ನಾಲ್ಕು ಕೋಣೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಮಲಗುವ ಕೋಣೆ, ಮೂಲೆಯಲ್ಲಿ ಕಾಳುಕಡಿ ಇಡುವ ಕತ್ತಲೆ ಕೋಣೆ.

ಕಲ್ಮೇಶ ಎರಡೇ ದಿನದಲ್ಲಿ ಕೆಲಸ ಮುಗಿಸಿದ. ಪ್ರತಿ ಕೋಣೆಗೂ ಟ್ಯೂಬ್‌ಲೈಟ್. ಪಡಸಾಲೆಗೆ ಎದುರುಬದುರು ಎರಡು. ಎಲ್ಲ ಒಂದೇ ಅಳತೆ, ಒಂದೇ ಬಿಳುಪು. ಎಲ್ಲ ಗೋಡೆಯ ತುದಿಗೆ, ಸ್ಲ್ಯಾಬಿನಿಂದ ಒಂದು ಗೇಣು ಕೆಳಗೆ. ಹನ್ನೆರಡು ವರ್ಷ ಅವನು ಹಾಕಿಕೊಂಡು ಬಂದದ್ದೇ ಹಾಗೆ.

ಹೊತ್ತು ಮುಳುಗಿತು. ಕಲ್ಮೇಶ ಮೇನ್ ಹಾಕಿ ಒಂದೊಂದೇ ಸ್ವಿಚ್ ಒತ್ತುತ್ತ ಬಂದ. ಮನೆಯೆಲ್ಲ ಬೆಳ್ಳಗಾಯಿತು.

"ಅಪ್ಪಾ, ಮದುವಿ ಹಾಲ್ ಆತು!" ಎಂದು ಮಗಳು ಸಹನಾ ಚಪ್ಪಾಳೆ ಹೊಡೆದಳು.

ಪಡಸಾಲೆಯ ಮಂಚದ ಮೇಲೆ ಮಲಗಿದ್ದ ಫಕೀರಪ್ಪನ ತಾಯಿ ತಿಪ್ಪವ್ವ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. "ಯಾರದರ ಲಗ್ನ ಐತೇನ ಇಲ್ಲಿ?" ಎಂದು ಗೊಣಗಿದಳು. ಯಾರೂ ಕಿವಿಗೊಡಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಕಡೆಗಿತ್ತು.

ಫಕೀರಪ್ಪನ ಹೆಂಡತಿ ಸಾವಂತ್ರವ್ವ ಅಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಬೆಳಕು ಬಂದ ಕೂಡಲೇ ಅವಳ ಕೈ ನಿಂತಿತು. ತಲೆ ಎತ್ತಿ ಎದುರಿನ ಗೋಡೆ ನೋಡಿದಳು. ಮರುಗಳಿಗೆ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಓಡಿದಳು. ಕಾಳಿನ ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಒಳಗಿನ ಸ್ವಿಚ್ ಟಪ್ಪೆಂದು ಆರಿದ ಸದ್ದೂ ಆಯಿತು.

ಸಹನಾ ಬಾಗಿಲು ಬಡಿದಳು. "ಅವ್ವಾ, ಹೊರಗ ಬಾರಬೇ."

ಮತ್ತೆ ಬಡಿದಳು.

"ಅವ್ವಾ, ನಾ ನೋಡೂದಿಲ್ಲ. ಕಣ್ಣ ಮುಚ್ಚಿಕೊಂತೀನಿ. ಬಾರಬೇ."

ಫಕೀರಪ್ಪ ಗೋಡೆಗೆ ಒರಗಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತದೆ ಹೇಳಿದ, "ತಮ್ಮಾ, ಮೇನ್ ಆರಸಿಬಿಡು."

ಕಲ್ಮೇಶ ಆರಿಸಿದ. ಕತ್ತಲಾದ ಮೇಲೆ ಕಾಳಿನ ಕೋಣೆಯ ಚಿಲಕ ತೆಗೆದ ಸದ್ದು ಕೇಳಿಸಿತು.

*

"ನಾ ಬೆಳಕು ಕೊಟ್ನಿ ಅಜ್ಜಾರ. ಅಕಿ ಕತ್ತಲಿಗೆ ಓಡಿದ್ಲು" ಎಂದ ಕಲ್ಮೇಶ. ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು.

ಅಜ್ಜ ಹೊಳೆಯ ಮೆಟ್ಟಿಲ ಮೇಲೆ ಕೂತು ಧೋತರ ಹಿಂಡುತ್ತಿದ್ದರು.

"ಆ ಮನ್ಯಾಗ ಎಷ್ಟು ಕೋಣಿ?"

"ನಾಕು."

"ದೀಪ?"

"ಐದು."

"ಮಂದಿ?"

"ನಾಕು ಮಂದಿ."

"ಸಂಜಿ ಆದಮ್ಯಾಲೆ ಯಾರ್ಯಾರು ಎಲ್ಲೆಲ್ಲಿ ಇರ್ತಾರ?"

"ಅದನ್ನ ನಾ ನೋಡಲಿಲ್ರಿ."

"ಹೋಗ್ಲಿ. ದೀಪ ಎಲ್ಲಿ ಹಾಕಿದಿ?"

"ಗೋಡಿ ತುದಿಗೆ. ಸ್ಲ್ಯಾಬಿನ ಹತ್ರ."

"ಅಲ್ಲಿ ಯಾರ್ ಇರ್ತಾರ?"

"ಅಲ್ಲಿ ಯಾರ್ ಇರ್ತಾರ್ರಿ, ಹಲ್ಲಿ ಇರ್ತಾವ."

"ಹಲ್ಲಿಗೆ ಚಲೋ ಆತು ಬಿಡು."

ಅಜ್ಜ ಧೋತರ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು.

"ತಿರುಗಿ ಹೋಗು. ಮೂರು ದಿನ ವೈರ್ ಮುಟ್ಟಬ್ಯಾಡ."

"ಮತ್ತ ಅಲ್ಲಿ ಏನ್ ಮಾಡ್ಲಿ?"

"ಅವರು ಕುಂತಲ್ಲಿ ಕುಂದ್ರು. ನಿಂತಲ್ಲಿ ನಿಲ್ಲು. ಮಲಗಿದಲ್ಲಿ ಮಲಗು."

*

ಮೊದಲನೆಯ ದಿನ ಕಲ್ಮೇಶನಿಗೆ ನಾಚಿಕೆಯೇ ಆಯಿತು. ಕೆಲಸದ ಚೀಲ ಬಿಟ್ಟು ಒಬ್ಬರ ಮನೆಯಲ್ಲಿ ಸುಮ್ಮನೆ ಕೂತು ಅವನಿಗೆ ಗೊತ್ತಿರಲಿಲ್ಲ.

ಸಂಜೆ ತಿಪ್ಪವ್ವ ಕೋಲೂರಿಕೊಂಡು ಕಟ್ಟೆಗೆ ಹೋಗಿ ಕೂತಳು. ಮಂಚ ಖಾಲಿಯಾಯಿತು. ಗುರುಗಳ ಮಾತು ನೆನಪಾಗಿ ಕಲ್ಮೇಶ ಟ್ಯೂಬ್‌ಲೈಟ್ ಹಾಕಿ ಆ ಮಂಚದ ಮೇಲೆ ಅಂಗಾತ ಮಲಗಿದ.

ಬೆಳಕು ಸೂಜಿಯ ಹಾಗೆ ನೆಟ್ಟಗೆ ಕಣ್ಣಿಗೆ ಬಂದು ನಾಟಿತು. ಈ ಮಗ್ಗುಲಿಗೆ ತಿರುಗಿದ. ಅಲ್ಲಿ ಇನ್ನೊಂದು ಟ್ಯೂಬ್. ಕಣ್ಣು ಮುಚ್ಚಿದ. ರೆಪ್ಪೆಯೊಳಗೂ ಕೆಂಪು ಬೆಳಕು.

ಕಲ್ಮೇಶ ಎದ್ದು ಕೂತ. ಹನ್ನೆರಡು ವರ್ಷದಲ್ಲಿ ಎಷ್ಟು ಮನೆಗೆ ದೀಪ ಹಾಕಿದ್ದ! ಒಂದು ಮನೆಯಲ್ಲಾದರೂ ಅದರ ಕೆಳಗೆ ಮಲಗಿ ನೋಡಿರಲಿಲ್ಲ. ಏಣಿಯ ಮೇಲೆ ನಿಂತು ಹಾಕಿದ್ದ, ಏಣಿ ಇಳಿದು ಹೋಗಿದ್ದ.

ಹೊರಗೆ ಹೋಗಿ ಕೇಳಿದ, "ಆಯಿ, ಆ ದೀಪ ನಿನ್ನ ಕಣ್ಣಿಗೆ ಬಡೀತೈತೇನು?"

"ಮೊನ್ನಿಯಿಂದ ಒದರಾಕತ್ತೇನಿ. ಈಗ ಕೇಳಾಕ ಬಂದೀಯೇನು ಶಾಣ್ಯಾ" ಎಂದಳು ತಿಪ್ಪವ್ವ. ಬೈದಳೋ ಮೆಚ್ಚಿದಳೋ ತಿಳಿಯಲಿಲ್ಲ. ಆಮೇಲೆ ತಾನಾಗಿಯೇ ಹೇಳಿದಳು, "ನನಗ ಬೆಳಕು ಬೇಕಾಗಿದ್ದು ಮಂಚದ ಮ್ಯಾಲೆ ಅಲ್ಲಪಾ. ಎದ್ದು ಬಚ್ಚಲಕ್ಕ ಹೋಗ್ತೀನಲ್ಲ, ಆ ಹೊಸ್ತಿಲ ಕಾಣವಲ್ದು. ನಿನ್ನೆ ಎರಡು ಸಲ ಎಡವಿದ್ನಿ."

ಮರುದಿನ ಸಾವಂತ್ರವ್ವ ಹಿತ್ತಲಿಗೆ ಹೋದಾಗ ಕಲ್ಮೇಶ ಅಡುಗೆಮನೆಯ ದೀಪ ಹಾಕಿ ಕಟ್ಟೆಯ ಮುಂದೆ ನಿಂತು ನೋಡಿದ. ಟ್ಯೂಬ್ ಬೆನ್ನ ಹಿಂದಿತ್ತು. ಅವನ ನೆರಳು ಹಿಟ್ಟು ನಾದುವ ಪರಾತದ ಮೇಲೆ ಕಪ್ಪಗೆ ಬಿದ್ದಿತ್ತು. ಹಿಟ್ಟು ಯಾವುದು, ಉಪ್ಪು ಯಾವುದು ಎಂದು ಬಗ್ಗಿ ನೋಡಬೇಕಿತ್ತು.

ತಲೆ ಎತ್ತಿದ.

ಎದುರಿನ ಗೋಡೆಯ ಸ್ಟ್ಯಾಂಡಿನಲ್ಲಿ ಹೊಸ ಸ್ಟೀಲಿನ ತಾಟುಗಳು ಸಾಲಾಗಿ ನಿಂತಿದ್ದವು. ಹನ್ನೆರಡು ತಾಟು. ಒಂದೊಂದರಲ್ಲೂ ಅವನ ಮುಖ ಥಳಥಳ ಹೊಳೆಯುತ್ತಿತ್ತು.

ಆ ದಿನ ಸಾವಂತ್ರವ್ವ ತಲೆ ಎತ್ತಿ ಏನನ್ನು ನೋಡಿದ್ದಳೆಂದು ಕಲ್ಮೇಶನಿಗೆ ಈಗ ಗೊತ್ತಾಯಿತು.

ಅವಳಿಗೆ ಏನಾದರೂ ಹೇಳಬೇಕು ಎನಿಸಿತು. ಅವಳು ಕಾಳಿನ ಕೋಣೆಯ ಬಾಗಿಲು ಓರೆ ಮಾಡಿಕೊಂಡು ಒಳಗೆ ಅಕ್ಕಿ ಕೇರುತ್ತಿದ್ದಳು. ಕಲ್ಮೇಶ ಹೊರಗೆ ನಿಂತು ಮಠದಲ್ಲಿ ಕೇಳಿದ ಮಾತುಗಳನ್ನೆಲ್ಲ ಕೂಡಿಸಿಕೊಂಡ.

"ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ಮುಖ ಅನ್ನೂದು ಏನ್ ದೊಡ್ಡದಲ್ರಿ. ಮನಸ್ಸು ಚಂದ ಇದ್ರ ಸಾಕು. ನೀವು ಸುಮ್ಮನ ಹೆದರಾಕತ್ತೀರಿ. ಧೈರ್ಯ ಮಾಡಿ ಹೊರಗ ಬರ್ರಿ."

ಮೊರದ ಸದ್ದು ನಿಂತಿತು. ಬಾಗಿಲು ಪೂರ್ತಿ ಮುಚ್ಚಿಕೊಂಡಿತು.

*

ಅಜ್ಜ ಶೇಂಗಾ ಸುಲಿಯುತ್ತಿದ್ದರು. ಕಲ್ಮೇಶ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ.

"ಅಕಿ ನಿನ್ನ ಕೇಳಿದ್ಲೇನು?"

"ಏನ್ರಿ?"

"ಮುಖ ದೊಡ್ಡದೋ, ಮನಸ್ಸು ದೊಡ್ಡದೋ ಅಂತ."

"ಇಲ್ರಿ."

"ಕೇಳದ್ದಕ್ಕ ಉತ್ತರ ಕೊಡೂದು ನಮ್ಮಂಥಾ ಅಜ್ಜಗೋಳ ಕೆಲಸ. ನೀ ಯಾಕ ಮಾಡ್ತಿ?"

ಕಲ್ಮೇಶನಿಗೆ ನಗು ಬರಲಿಲ್ಲ. "ಹಂಗಾದ್ರ ನಾ ಏನ್ ಮಾಡ್ಲಿ ಅಜ್ಜಾರ? ಆ ಹುಡುಗಿ ದಿನಾ ಬಾಗಲ ಮುಂದ ನಿಂತ ಅವ್ವಾ ಅವ್ವಾ ಅಂತೈತಿ. ನನ್ನ ಕೈಲಿ ನೋಡಾಕ ಆಗವಲ್ದು."

ಅಜ್ಜ ಅವನ ಮುಖವನ್ನು ಒಮ್ಮೆ ನೋಡಿದರು. ಸುಲಿದ ಕಾಳು ಒಂದು ಹಿಡಿ ತೆಗೆದು ಅವನ ಕೈಗೆ ಹಾಕಿದರು.

"ನೀ ಕಸಬುದಾರ. ಗಿರಾಕಿ ಮನಿಗೆ ಹೋದ್ರ ಮೊದಲ ಏನ್ ಕೇಳ್ತಿ?"

"ಎಷ್ಟು ಪಾಯಿಂಟ್ ಹಾಕ್ಲಿ ಅಂತ ಕೇಳ್ತೀನಿ."

"ಅದಕ್ಕಿಂತ ಮೊದಲ ಕೇಳೂದು ಒಂದೈತಿ."

"ಯಾವದ್ರಿ?"

ಅಜ್ಜ ಮತ್ತೆ ಶೇಂಗಾ ಸುಲಿಯತೊಡಗಿದರು.

ಕಲ್ಮೇಶ ಶೇಂಗಾ ತಿನ್ನುತ್ತ ಹೊಳೆಯ ಸೇತುವೆ ದಾಟಿದ. ಅರ್ಧ ದಾಟಿ ನಿಂತ. ಕೈಯಲ್ಲಿದ್ದ ಕಾಳು ಹಾಗೇ ಉಳಿದವು. ಆಮೇಲೆ ಬಿರಬಿರನೆ ನಡೆದ.

*

ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಕಲ್ಮೇಶ ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಗೋಡೆಗೆ ಬೆನ್ನು ಮಾಡಿ ನೆಲದ ಮೇಲೆ ಕೂತ.

"ಅಕ್ಕಾರ, ನಿನ್ನೆ ಹೆಚ್ಚು ಮಾತಾಡಿದ್ನಿ. ತಪ್ಪಾತು. ಒಂದು ಕೇಳ್ತೀನಿ, ಮನಸ್ಸಿದ್ರ ಹೇಳ್ರಿ. ನಿಮಗ ಏನು ಕಾಣಬೇಕಾಗೈತಿ?"

ಹಿತ್ತಲಲ್ಲಿ ಕೋಳಿಯೊಂದು ಕೆದರುತ್ತಿತ್ತು. ಕಲ್ಮೇಶ ಎದ್ದು ಹೋಗಬೇಕೆಂದುಕೊಂಡ. ಹೋಗಲಿಲ್ಲ.

"ಎಳಿ" ಎಂದಿತು ಒಳಗಿನ ದನಿ.

"ಏನ್ರಿ?"

"ಬಟ್ಟಿ ಎಳಿ. ನಾ ಕಸೂತಿ ಹಾಕ್ತಿದ್ನಿ. ಒಂದೊಂದು ಎಳಿ ಎಣಿಸಿ ಹಾಕಬೇಕದು. ಒಂದು ತಪ್ಪಿದ್ರ ಇಡೀ ಗೋಪುರದ ಚಿತ್ರ ಸೊಟ್ಟ ಆಗತೈತಿ. ಹದಿನಾಕು ತಿಂಗಳಾತು ಸೂಜಿ ಹಿಡೀದ. ಕತ್ತಲ್ಯಾಗ ಕಾಣೂದಿಲ್ಲ. ಬೆಳಕಿಗೆ ಬರಾಕ ಒಲ್ಲೆ."

ಕಲ್ಮೇಶ ಕಾದ.

"ಬಟ್ಟಿ ನನಗ ಕಾಣಬೇಕು. ನಾ ಯಾರಿಗೂ ಕಾಣಬಾರದು. ಅಂಥಾದೊಂದು ದೀಪ ಐತೇನು ನಿಮ್ಮ ಹತ್ರ?"

ಇಷ್ಟು ವರ್ಷದ ಕಸುಬಿನಲ್ಲಿ ಯಾರೂ ಅವನಿಗೆ ಇಂಥ ದೀಪ ಕೇಳಿರಲಿಲ್ಲ.

"ಇಲ್ರಿ. ಆದ್ರ ಮಾಡ್ತೀನಿ" ಎಂದ.

*

ಗಿರಣಿಯ ಮೂಲೆಯಲ್ಲಿ ಒಂದು ಹಳೆಯ ಅಲ್ಯುಮಿನಿಯಂ ಬೋಗುಣಿ ಬಿದ್ದಿತ್ತು. ಕಲ್ಮೇಶ ಅದರ ತಳಕ್ಕೆ ತೂತು ಕೊರೆದು ಹೋಲ್ಡರ್ ಕೂರಿಸಿದ. ಬೋಗುಣಿಯ ಒಳಗೆ ಸುಣ್ಣ ಬಳಿದ. ಮಲಗುವ ಕೋಣೆಯ ಮೂಲೆಯಲ್ಲಿ, ನೆಲಕ್ಕೆ ಕೂತವರ ಎದೆಯ ಎತ್ತರಕ್ಕೆ ಬರುವಂತೆ, ಬೋಗುಣಿಯನ್ನು ಕವಚಿ ಇಳಿಬಿಟ್ಟ. ಬೇಕಾದರೆ ಕೈಯಿಂದ ಆಚೆ ಈಚೆ ವಾಲಿಸಲು ಬರುವಂತೆ ಒಂದು ಕೊಂಡಿ ಹಾಕಿದ.

ಮೊದಲು ಬಲಗಡೆ ತೂಗಿಸಿದ. ತಾನೇ ಒಂದು ಅರಿವೆ, ಸೂಜಿ ಹಿಡಿದು ಕೂತು ನೋಡಿದ. ಕೈಯ ನೆರಳು ಹೊಲಿಗೆಯ ಮೇಲೇ ಬಿತ್ತು. ಮೂರು ಸಲ ಬೆರಳು ಚುಚ್ಚಿಕೊಂಡ. ಕಿತ್ತು ಎಡಗಡೆ ಹಾಕಿದ.

ಹಳದಿ ಬಲ್ಬು ಹಾಕಿದ. ಸಹನಾ ಅವ್ವನ ದಾರದ ಡಬ್ಬಿ ತಂದು ಕೊಟ್ಟಳು. ಕೆಂಪು, ಕಿರಮಂಜಿ ಎರಡೂ ಒಂದೇ ಕಂಡವು. ಬಿಳಿ ಬಲ್ಬು ಹಾಕಿದ ಮೇಲೆ ಬೇರೆಬೇರೆಯಾದವು.

"ಅಕ್ಕಾರ, ಈಗ ನೋಡ್ರಿ" ಎಂದು ಹೇಳಿ ಕಲ್ಮೇಶ ಪಡಸಾಲೆಗೆ ಹೋಗಿ ನಿಂತ.

ಸಾವಂತ್ರವ್ವ ಸೆರಗು ಎಳೆದುಕೊಂಡು ಕಾಳಿನ ಕೋಣೆಯಿಂದ ಬಂದಳು. ಮೂಲೆಯಲ್ಲಿ ಕೂತಳು. ಸ್ವಿಚ್ ಅವಳ ಮೊಣಕಾಲ ಹತ್ತಿರವೇ ಇತ್ತು. ಒತ್ತಿದಳು.

ಒಂದು ಮೊರದಗಲ ಬೆಳಕು ಅವಳ ಮಡಿಲಿಗೆ ಬಿತ್ತು. ಅಷ್ಟೇ. ಕೊರಳಿನ ಮೇಲೆ ಎಲ್ಲ ನೆರಳು.

"ಎಳಿ ಕಾಣತಾವೇನ್ರಿ?"

"ಕಾಣತಾವ." ಸ್ವಲ್ಪ ತಡೆದು, "ಅಲ್ಲಿಂದ ನನ್ನ ಮುಖ ಕಾಣತೈತೇನು?"

"ಇಲ್ರಿ. ಕೈ ಅಷ್ಟ ಕಾಣತಾವ."

"ಸಾಕು" ಎಂದಳು.

ಆ ಸಂಜೆ ಫಕೀರಪ್ಪ ಗಿರಣಿಯಿಂದ ಬಂದವನು ಪಡಸಾಲೆಯಲ್ಲೇ ನಿಂತುಬಿಟ್ಟ. ಕೋಣೆಯ ಮೂಲೆಯಲ್ಲಿ ಎರಡು ಕೈಗಳು ಬಟ್ಟೆಯ ಮೇಲೆ ಆಡುತ್ತಿದ್ದವು. ಸೂಜಿ ಮೇಲೆ ಬರುತ್ತಿತ್ತು, ಕೆಳಗೆ ಹೋಗುತ್ತಿತ್ತು. ಅವನು ಕಲ್ಮೇಶನ ಭುಜ ಗಟ್ಟಿಯಾಗಿ ಹಿಡಿದುಕೊಂಡ.

*

ಮುಂದಿನ ಒಂದು ವಾರ ಕಲ್ಮೇಶ ತಾನು ಹಾಕಿದ್ದನ್ನೆಲ್ಲ ಬಿಚ್ಚಿದ.

ತಿಪ್ಪವ್ವನ ಮಂಚದ ತಲೆಯ ಹಿಂದೆ, ಅವಳ ಕಣ್ಣಿಗೆ ಬೀಳದ ಹಾಗೆ, ಒಂದು ಹಳದಿ ಬಲ್ಬು ಹಾಕಿದ. ಬಚ್ಚಲ ಹಾದಿಯ ಹೊಸ್ತಿಲ ಹತ್ತಿರ, ಮೊಣಕಾಲೆತ್ತರಕ್ಕೆ, ಒಂದು ಸಣ್ಣ ಝೀರೋ ಬಲ್ಬು. ತಿಪ್ಪವ್ವ ಅವತ್ತೇ ಅದನ್ನು ಪರೀಕ್ಷೆ ಮಾಡಲು ಐದು ಸಲ ಬಚ್ಚಲಿಗೆ ಹೋಗಿಬಂದಳು.

ಅಡುಗೆಮನೆಯಲ್ಲಿ ತಾಟಿನ ಸ್ಟ್ಯಾಂಡಿನ ಕೆಳಗೆ ದೀಪ ಅಡಗಿಸಿದ. ಕಟ್ಟೆ, ಒಲೆ, ಪರಾತ ಬೆಳಗಿದವು. ತಾಟುಗಳು ಮೇಲೆ ಮಬ್ಬಿನಲ್ಲಿ ಉಳಿದವು.

ಕಾಳಿನ ಕೋಣೆಯ ಟ್ಯೂಬನ್ನು ತೆಗೆಯಬೇಕೋ ಬೇಡವೋ ಎಂದು ತಿಳಿಯದೆ ಹಾಗೇ ಬಿಟ್ಟ.

ಸಾವಂತ್ರವ್ವ ಈಗ ಕಾಳಿನ ಕೋಣೆಗೆ ಹೋಗುವುದು ಕಡಿಮೆಯಾಗಿತ್ತು. ಮಧ್ಯಾಹ್ನ ಕಿಟಕಿ ಮುಚ್ಚಿ, ಸಂಜೆ ಹಾಗೇ, ಆ ಮೂಲೆಯಲ್ಲಿ ಕೂತು ಕಸೂತಿ ಹಾಕುತ್ತಿದ್ದಳು. ಸಹನಾ ಶಾಲೆಯಿಂದ ಬಂದವಳು ಪಾಟಿಚೀಲ ಎಸೆದು ಅವ್ವನ ಪಕ್ಕ ಕೂರುತ್ತಿದ್ದಳು. ಮುಖ ನೋಡಲು ಸಿಗುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

"ನನಗೂ ಕಲಸಬೇ" ಎಂದಳು ಒಂದು ದಿನ.

ಅವತ್ತು ಕಲ್ಮೇಶ ಪಡಸಾಲೆಯಲ್ಲಿ ಕೊನೆಯ ಸ್ವಿಚ್‌ಬೋರ್ಡ್ ಬಿಗಿಯುತ್ತಿದ್ದ. ಕೋಣೆಯ ಬಾಗಿಲು ತೆರೆದಿತ್ತು. ತಾಯಿ ಮಗಳ ಮಾತು ಕೇಳಿಸುತ್ತಿತ್ತು.

"ನಾಕು ಎಳಿ ಬಿಡು. ಐದನೇದಕ್ಕ ಸೂಜಿ ಹಾಕು. ಹಾಂ. ಮತ್ತ ನಾಕು."

"ಅವ್ವಾ, ನನ್ನ ಬಟ್ಟಿ ಮ್ಯಾಲೆ ಬೆಳಕ ಬೀಳವಲ್ದು."

"ಹತ್ರ ಬಾ."

"ಬಂದ್ರ ನಿನ್ನ ಕೈ ಅಡ್ಡ ಬರ್ತೈತಿ. ಎದುರಿಗೆ ಕುಂದರತೀನಿ."

ಸಹನಾ ಎದುರಿಗೆ ಹೋಗಿ ಕೂತಳು. ಅಲ್ಲಿ ಇನ್ನೂ ಕತ್ತಲೆ.

"ಕಾಣವಲ್ದಬೇ. ಇದು ಕೆಂಪೋ, ಕಿರಮಂಜಿಯೋ?"

ಕಲ್ಮೇಶ ತಲೆ ತಿರುಗಿಸದೆ ನಿಂತ. ಕೈಯಲ್ಲಿದ್ದ ಸ್ಕ್ರೂ ತಿರುಗಿಸುವುದನ್ನೂ ನಿಲ್ಲಿಸಿದ.

"ಅವ್ವಾ, ಕೆಂಪೇನು?"

ಕೊಂಡಿ ಕಿರ್ರೆಂದಿತು.

ಸಾವಂತ್ರವ್ವ ಬೋಗುಣಿಯನ್ನು ಮಗಳ ಕಡೆಗೆ ವಾಲಿಸಿದ್ದಳು. ಬೆಳಕು ಮಗುವಿನ ಬಟ್ಟೆಯ ಮೇಲೆ ಬಿತ್ತು. ಅಲ್ಲಿಂದ ಎದ್ದು ತಾಯಿಯ ಮುಖದ ಮೇಲೂ ಬಿತ್ತು. ಸೆರಗು ಜಾರಿತ್ತು. ಎರಡೂ ಕೈ ಬಟ್ಟೆಯ ಮೇಲಿದ್ದವು. ಸರಿಪಡಿಸಿಕೊಳ್ಳಲು ಅವಳು ಹೋಗಲಿಲ್ಲ.

ಸಹನಾ ತಲೆ ಎತ್ತಿ ತಾಯಿಯ ಮುಖ ನೋಡಿದಳು. ಪೂರ್ತಿ ನೋಡಿದಳು. ಆಮೇಲೆ ಕೈಯಲ್ಲಿದ್ದ ದಾರ ನೋಡಿದಳು.

"ಅಯ್ಯ, ಇದು ಕಿರಮಂಜಿ. ನಾ ಕೆಂಪು ಅಂತ ತಿಳಿದು ಎರಡು ಸಾಲು ಹಾಕಿಬಿಟ್ಟೇನಿ. ಬಿಚ್ಚಲೇನಬೇ?"

ಸಾವಂತ್ರವ್ವ ಆ ಎರಡು ಸಾಲಿನ ಮೇಲೆ ಬೆರಳಾಡಿಸಿದಳು.

"ಬ್ಯಾಡ. ಇರ್ಲಿ. ಚಂದ ಐತಿ" ಎಂದಳು.

ಕಲ್ಮೇಶ ಸದ್ದಾಗದಂತೆ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡ. ಎರಡು ಸಲ ತೊಳೆದುಕೊಂಡ.

ಅವನು ಒಳಗೆ ಬರುವ ಹೊತ್ತಿಗೆ ಫಕೀರಪ್ಪ ಬಂದಿದ್ದ. ಹಿಟ್ಟಿನ ಮೈಯಲ್ಲೇ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಸಾವಂತ್ರವ್ವ ಗಂಡನನ್ನು ನೋಡಿದಳು. ದೀಪ ಆರಿಸಲಿಲ್ಲ.

"ಏನ್ ನಿಂತೀರಿ? ಕೈಕಾಲ ತೊಳಕೊಳ್ರಿ. ರೊಟ್ಟಿ ಬಡೀತೀನಿ."

"ಹೂಂ" ಎಂದ ಫಕೀರಪ್ಪ. ನಿಂತೇ ಇದ್ದ.

*

ಮರುದಿನ ಸಂಜೆ ಕಲ್ಮೇಶ ಚೀಲ ಕಟ್ಟಿದ. ಹೊರಡುತ್ತೇನೆಂದು ಹೇಳಲು ಅಡುಗೆಮನೆಯ ಹತ್ತಿರ ಹೋಗಿ ಎಂದಿನಂತೆ ಗೋಡೆಯ ಕಡೆ ಮುಖ ಮಾಡಿ ನಿಂತ.

"ಅಣ್ಣಾರ, ಇತ್ಲಾಗ ತಿರುಗ್ರಿ" ಎಂದಳು ಸಾವಂತ್ರವ್ವ.

ಕಲ್ಮೇಶ ತಿರುಗಿದ. ಮೊದಲ ಸಲ ಅವಳನ್ನು ನೋಡಿದ. ಎಡಗಲ್ಲ ಮುದುರಿದ ರೇಷ್ಮೆಯ ಹಾಗಿತ್ತು. ಕಣ್ಣುಗಳು ಸಹನಾಳವೇ. ಏನೂ ಹೇಳಬಾರದೆಂದು ಅವನಿಗೆ ಈಗ ಗೊತ್ತಿತ್ತು.

"ಮುಂಬಾಗಿಲಿಗೆ ದೀಪ ಇಲ್ಲ. ಒಂದು ಹಾಕ್ರಿ. ಬಂದವರು ಕತ್ತಲ್ಯಾಗ ಚಪ್ಪಲಿ ಹುಡುಕತಾರ."

"ಎಲ್ಲಿ ಹಾಕ್ಲಿ ಅಕ್ಕಾರ?"

ಅವಳು ಉತ್ತರ ಕೊಡಲು ಬಾಯಿ ತೆರೆದಳು. ಕೈಯಿಂದ ತೋರಿಸಲು ನೋಡಿದಳು. ಒಳಗೆ ನಿಂತು ತೋರಿಸಲು ಆಗಲಿಲ್ಲ.

ಪಡಸಾಲೆ ದಾಟಿದಳು. ಹೊಸ್ತಿಲ ಹತ್ತಿರ ಬಂದು ನಿಂತಳು. ಬಲಗೈ ಸೆರಗಿನ ತನಕ ಹೋಯಿತು, ಅಲ್ಲೇ ತಡೆಯಿತು. ಆಮೇಲೆ ಹೊಸ್ತಿಲು ದಾಟಿ ಕಟ್ಟೆಗೆ ಇಳಿದಳು.

ಓಣಿಯಲ್ಲಿ ಇನ್ನೂ ಬೆಳಕಿತ್ತು. ಎದುರು ಮನೆಯ ಹೆಂಗಸು ಕೊಡ ಹೊತ್ತು ಬರುತ್ತಿದ್ದವಳು ನಿಂತಳು.

"ಏನ್ ಸಾವಂತ್ರವ್ವಾ, ದೀಪ ಹಾಕ್ಸಾಕತ್ತೀಯೇನು?"

"ಹೂನವಾ" ಎಂದಳು ಸಾವಂತ್ರವ್ವ. "ಇಲ್ಲಿ ಹಾಕ್ಸಲೋ, ಆ ಕಂಬಕ್ಕ ಹಾಕ್ಸಲೋ? ನೀನ ಹೇಳು ನೋಡೂಣು."

ಇಬ್ಬರೂ ಮಾತಿಗೆ ನಿಂತರು. ತಿಪ್ಪವ್ವ ಒಳಗಿನಿಂದಲೇ ಕೂಗಿ ತನ್ನ ಅಭಿಪ್ರಾಯವನ್ನೂ ಹೇಳಿದಳು. ಕಲ್ಮೇಶ ಏಣಿ ಹಿಡಿದುಕೊಂಡು ಅವರು ಒಂದು ತೀರ್ಮಾನಕ್ಕೆ ಬರುವ ತನಕ ಕಾದ.

*

ಅದರ ಮರುದಿನ ಹೊತ್ತು ಇಳಿಯುವಾಗ ಕಲ್ಮೇಶ ಮಠಕ್ಕೆ ಬಂದ. ಅಜ್ಜ ಒಳಗೆ ತಮ್ಮ ಗದ್ದುಗೆಯ ಮೇಲೆ ಕೂತಿದ್ದರು.

"ಹಾಕಿದಿಯೇನು?"

"ಹಾಕಿದ್ನಿ ಅಜ್ಜಾರ."

"ಅಕಿ ಹೊರಗ ಬಂದ್ಲೇನು?"

"ಬಂದ್ಲು. ನಾ ಕರೀಲಿಲ್ಲ."

ಅಜ್ಜ ತಲೆಯಾಡಿಸಿದರು. ಕಲ್ಮೇಶ ಕಾಲಿಗೆ ಬಿದ್ದು ಎದ್ದ. ಉಪದೇಶದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಹೊತ್ತು ಮುಳುಗಿದ್ದು ಗಮನಕ್ಕೆ ಬಂದು, ದಿನದ ರೂಢಿಯಂತೆ ಕೈ ತಾನಾಗಿ ಸ್ವಿಚ್ಚಿಗೆ ಹೋಯಿತು.

ಬಾಗಿಲ ಮೇಲಿನ ಟ್ಯೂಬ್‌ಲೈಟ್ ಹೊತ್ತಿಕೊಂಡಿತು. ಮಠಕ್ಕೆ ಬಂದ ಮೊದಲ ತಿಂಗಳೇ ಅವನು ಹಾಕಿದ್ದು. ಬಂದ ಭಕ್ತರಿಗೆಲ್ಲ ಗುರುಗಳ ಮುಖ ಚೆನ್ನಾಗಿ ಕಾಣಲಿ ಎಂದು ಗದ್ದುಗೆಗೆ ನೇರವಾಗಿ ಹಾಕಿದ್ದು.

ಅಜ್ಜನ ಕಣ್ಣು ಕಿರಿದಾದವು. ಕೈ ಹುಬ್ಬಿನ ಮೇಲೆ ಹೋಯಿತು.

ದಿನಾ ಹೋಗುತ್ತಿತ್ತೇನೋ. ಕಲ್ಮೇಶ ಇವತ್ತು ನೋಡಿದ.

ಅವನು ಉಪದೇಶ ಕೇಳಲಿಲ್ಲ. ಮೆಲ್ಲಗೆ ಬೇರೆಯೇ ಕೇಳಿದ.

"ಅಜ್ಜಾರ, ಅಲ್ಲಿ ಕುಂತ್ರ ನಿಮಗ ಏನು ಕಾಣತೈತ್ರಿ?"

ಅಡವಯ್ಯಜ್ಜ ನಕ್ಕರು. ಅವರು ಅಷ್ಟು ನಕ್ಕದ್ದನ್ನು ಕಲ್ಮೇಶ ಕಂಡಿರಲಿಲ್ಲ.

"ಎರಡು ವರ್ಷಾತು, ಸಂಜಿ ಆದಮ್ಯಾಲೆ ಮುಂದ ಕುಂತವರ ಮುಖ ನನಗ ಕಂಡಿಲ್ಲ. ನಿಂದೂ ಕಂಡಿಲ್ಲ. ಅದನ್ನ ಆರಿಸಿ ಹತ್ರ ಬಂದು ಕುಂದ್ರು ಮಗನ, ನೋಡೂಣು."